ಮನೆ ನೋಡಲು ಬಂದವರಿಗೆ ಹೋಟೆಲ್ ಊಟ

ಮದ್ದೂರಿನ ಸುನಂದಮ್ಮನವರಿಗೆ ಪೂರಿಗಾಲಿಯ ಚಲುವಮ್ಮ ಮಾಡುವ ನಮಸ್ಕಾರ.

ನಿಮ್ಮ ಕಿರಿಮಗನಿಗೆ ನಮ್ಮ ಮಗಳನ್ನು ಕೊಡುವ ಮುಂಚೆ ನಿಮ್ಮ ಮನೆ ನೋಡಲು ಬಂದೆವು. "ಮನೆಗೆ ಬಣ್ಣ ಹೊಡೀತಾವ್ರೆ" ಎಂದು ನೀವು ಆ ದೊಡ್ಡ ಕೊರಿಯನ್ ಹೋಟೆಲಿಗೆ ಕರೆದೊಯ್ದಿರಿ. ಮೇಜಿನ ನಡುವೆಯೇ ಕೆಂಡ, ಒಂದೇ ದುಡ್ಡಿಗೆ ಎಷ್ಟು ಬೇಕಾದರೂ ಮಾಂಸ ಸುಟ್ಟು ತಿನ್ನಬಹುದು. "ನಾಚ್ಕೋಬ್ಯಾಡಿ ಕಣಮ್ಮ, ತಿನ್ನಿ" ಎಂದು ನನಗೆ ಉಪಚಾರವನ್ನೂ ಮಾಡಿದಿರಿ.

ನಿಮ್ಮ ಹಿರಿಸೊಸೆ ದೀಪಿಕ ಎಲ್ಲರಿಗೂ ಸುಟ್ಟು ಬಡಿಸಿದಳು. ತಾನೊಂದು ತುಂಡು ಎತ್ತಿಕೊಳ್ಳುವ ಮುಂಚೆ ನಿಮ್ಮ ಮುಖ ನೋಡಿದಳು. ಎರಡನೆಯದಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಅವ್ಳಿಗೆ ಅಸಿವು ಕಮ್ಮಿ" ಎಂದಿರಿ ನೀವು.

ಸಂಬಂಧಕ್ಕೆ ನಮ್ಮ ಒಪ್ಪಿಗೆ ಕೇಳಿದ್ದೀರಿ. ಈ ಭಾನುವಾರ ದೀಪಿಕಳನ್ನು ಒಬ್ಬಳನ್ನೇ ನಮ್ಮ ಮನೆಗೆ ಊಟಕ್ಕೆ ಕಳುಹಿಸಿ. ಮುದ್ದೆ, ನಾಟಿಕೋಳಿ ಸಾರು ಮಾಡಿರುತ್ತೇನೆ. ಅವಳು ಎಷ್ಟು ಉಣ್ಣುತ್ತಾಳೆಂದು ನೋಡಿ ಉತ್ತರ ಬರೆಯುತ್ತೇನೆ.

ಇಂತಿ,
ಚಲುವಮ್ಮ