ಎಡಗಡೆಯ ವೈರು

ಜೂನ್ ೩, ಬೆಳಿಗ್ಗೆ
ಸ್ಪೀಕರ್ ಧೂಳು ಒರೆಸಿದ್ದಾಯಿತು. ತಂಗಿಯ ಮಗಳು ತನ್ನ ಮೊದಲ ರೆಕಾರ್ಡಿಂಗ್ ತಂದಿದ್ದಳು. ಹಾಡೇನೋ ಚಿನ್ನ. ಆದರೆ ದನಿ ನಡುವೆ ನಿಲ್ಲದೆ ಬಲಗಡೆ ವಾಲಿದೆ. ಹೇಳಿಯೇಬಿಟ್ಟೆ.
"ಸ್ಟುಡಿಯೋದವರು ಸರಿಯಾಗಿದೆ ಅಂದ್ರಲ್ಲ ಮಾವ?"
"ಅವರಿಗೆ ಕಿವಿ ಇರೋದು ಕನ್ನಡಕ ಸಿಕ್ಕಿಸೋಕೆ ಕಣೇ."
ನಕ್ಕಳು. ಅವಳಿಗೆ ನನ್ನ ಮಾತೇ ಕೊನೆ ಮಾತು. ಮತ್ತೇನು! ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ಇಡೀ ಬೀದಿಯ ರೇಡಿಯೋ ರಿಪೇರಿ ಮಾಡಿದ ಕಿವಿ ಇದು.

ಜೂನ್ ೫
ಸ್ಟುಡಿಯೋದವನು ಹೇಳಿಕಳಿಸಿದ್ದಾನೆ — ನಿಮ್ಮ ಮಾವ ಮೊದಲು ಮನೆಯ ವೈರು ನೋಡಿಕೊಳ್ಳಲಿ ಅಂತ. ಕೊಬ್ಬು! ಆದರೂ ನೋಡಿದೆ. ಎಡ ಸ್ಪೀಕರಿನ ವೈರು ಬಾಗಿಲು ಸುತ್ತಿ ಬರುತ್ತದೆ, ಬಲಗಡೆಯದರ ಎರಡು ಪಟ್ಟು ಉದ್ದ. ಅಷ್ಟು ದೂರ ನಡೆದರೆ ದನಿಗೆ ಸುಸ್ತಾಗದೇ ಇರುತ್ತದೆಯೇ?

ಜೂನ್ ೬
ಹೊಸ ದಪ್ಪ ವೈರು, ಎರಡೂ ಒಂದೇ ಅಳತೆ. ಬಾಗಿಲಿಗೆ ಅಡ್ಡ ಎಳೆದೆ. ಹೆಂಡತಿ ಎಡವಿದಳು.
"ನೀವು ಹಾಡು ಕೇಳೋಕೆ ನನ್ನ ಕಾಲು ಮುರೀಬೇಕಾ?"
ದನಿ ಇನ್ನೂ ಬಲಕ್ಕೇ. ಅಂದರೆ ವೈರು ನಿರಪರಾಧಿ, ಸ್ಟುಡಿಯೋದವನೇ ಕಳ್ಳ! ಹುಡುಗಿಗೆ ಫೋನ್ ಮಾಡಿ ಹೇಳಿದೆ. ಅವಳು ಹೋಗಿ ಅವನೊಂದಿಗೆ ಜಗಳ ಆಡಿ ಬಂದಳಂತೆ. ಭೇಷ್.

ಜೂನ್ ೧೩, ಮಧ್ಯಾಹ್ನ
ಸ್ಪೀಕರಿಗೆ ಬೆನ್ನು ಹಾಕಿ, ಕಿಟಕಿಯ ಬೆಳಕಿನಲ್ಲಿ ಉಗುರು ಕತ್ತರಿಸುತ್ತಿದ್ದೆ. ಅವಳ ಹಾಡು ಓಡುತ್ತಿತ್ತು. ದನಿ ಎಡ ಸ್ಪೀಕರಿಗೆ ಹೋಗಿತ್ತು.
ಕುರ್ಚಿ ತಿರುಗಿಸಿದೆ. ಬಲ ಸ್ಪೀಕರು. ಮತ್ತೆ ತಿರುಗಿಸಿದೆ. ಎಡ.
ವೈರು ಇದ್ದಲ್ಲೇ ಇದೆ. ತಿರುಗಿದ್ದು ನಾನು.
ಬಲಗಿವಿಗೆ ಬೆರಳಿಟ್ಟೆ... ಹಾಡು ಪಕ್ಕದ ಮನೆಗೆ ಹೋದ ಹಾಗೆ.

ಜೂನ್ ೧೪
ಹೆಂಡತಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.
"ಎಡಗಡೆಯಿಂದ ಕೂಗಿದ್ರೆ ಬೇಕಂತಲೇ ಸುಮ್ಮನಿರ್ತೀರ ಅಂದ್ಕೊಂಡಿದ್ದೆ ಕಣ್ರೀ" ಅಂದಳು. ಬೈದಿದ್ದರೇ ವಾಸಿಯಿತ್ತು.
ಹುಡುಗಿಗೆ ಹೇಗೆ ಹೇಳುವುದು?

ಜೂನ್ ೧೬, ಸಂಜೆ
ಬಂದಳು. ಹೇಳಬೇಕೆಂದೇ ಇದ್ದೆ. ಹಾಳಾದ್ದು, ನನ್ನ ಎಡಕ್ಕೆ ಕೂತಳು. ತಲೆ ತಗ್ಗಿಸಿ ಏನೋ ಕೇಳಿದಳು. ಅಭ್ಯಾಸಬಲ — ನಕ್ಕು, "ಹೂಂ ಮತ್ತೆ!" ಅಂದೆ. ಕಣ್ಣೊರೆಸಿಕೊಂಡು ಎದ್ದು ಹೋದಳು.
ಹೆಂಡತಿ ಎದುರಿಗೆ ಬಂದು ನಿಂತಳು.
"ಏನ್ರೀ, ಅಷ್ಟು ಸಲೀಸಾಗಿ ಹೂಂ ಅಂದ್ಬಿಟ್ರಿ? ದನಿ ಅಷ್ಟು ಕೆಟ್ಟಿದ್ರೆ ಹಾಡೆಲ್ಲ ಅಳಿಸಿಹಾಕಿ ಅಂತ ಸ್ಟುಡಿಯೋದಲ್ಲಿ ಹೇಳ್ಬಿಡ್ಲಾ ಅಂತ ಕೇಳಿದ್ದು ಅವಳು!"
ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಇಲ್ಲ. ಕೈ ಸುಮ್ಮನಿರದೆ ಇದನ್ನು ಗೀಚುತ್ತಾ ಕೂತಿದ್ದೇನೆ.
ಇದೋ, ಫೋನ್ ಬಂತು, ಅವಳದೇ. ಬಲಗೈಯಲ್ಲಿ ಪೆನ್ನು; ಎಡಗೈಯಲ್ಲಿ ಎತ್ತಿಕೊಂಡೆ, ಹಾಗೇ ಎಡಗಿವಿಗೆ... ಬರೀ ಗುಂಯ್. ಬಲಗಿವಿಗೆ ಹಿಡಿಯಬೇಕು. ಈ ಪೆನ್ನು ಕೆಳಗಿ