ಡಾಕ್ಟರು ಕೇಳಿದ ಸೊಪ್ಪು

ಮನೆ,
ಮಂಗಳವಾರ, ಮಧ್ಯಾಹ್ನ ಒಂದೂವರೆ

ಪ್ರೀತಿಯ ಸೂಜಿಗೆ,

ಹೇಗಿದ್ದೀಯಾ? ಅಕ್ಕನ ಮನೆಯಲ್ಲಿ ನಿದ್ದೆ ಬರುತ್ತಿದೆಯಾ? ಇಂಜೆಕ್ಷನ್ ಚುಚ್ಚಿದ ಜಾಗ ಇನ್ನೂ ಗಟ್ಟಿಯಾಗಿದೆಯಾ, ಇಳಿಯಿತಾ? ಬಿಸಿನೀರಿನ ಬಟ್ಟೆ ಒತ್ತಿಕೊಳ್ಳಲು ಬೇಸರ ಮಾಡಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದರೆ ನೀನು ನಂಬುವವಳಲ್ಲ. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ತಳ ಸೀಯಿಸಿದ್ದೇನೆ. ನೀರು ಹಾಕಿ ಇಟ್ಟಿದ್ದೇನೆ. ನೀನು ಬರುವವರೆಗೂ ನೆನೆಯಲಿ ಅಂತ ಅಲ್ಲ, ಸಂಜೆ ನಾನೇ ಉಜ್ಜುತ್ತೇನೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಸೋಫಾ ಹೊಲಿಯುವವನ ಬಾಯಲ್ಲಿ ಬೆಳಗಿನಿಂದ ಸಂಜೆವರೆಗೆ ಮೊಳೆ, ಮಾತು ಎಲ್ಲಿಂದ ಬರಬೇಕು ಎಂದು ನೀನೇ ರೇಗಿಸುತ್ತಿದ್ದೆಯಲ್ಲ. ಬಸ್ ಓಡಿಸುವ ಭಾವ ಮೂರು ಗಂಟೆಗೆ ನಮ್ಮ ಬೀದಿಯ ತಿರುವಿನಲ್ಲಿ ನಿಲ್ಲಿಸುತ್ತಾರೆ, ಅವರ ಕೈಗೇ ಇದನ್ನು ಕೊಡುತ್ತೇನೆ. ಗುರುವಾರ ನಿನ್ನ ಆಪರೇಷನ್. ಇದು ಅದಕ್ಕೆ ಮೊದಲು ನಿನ್ನ ಕೈಸೇರಲೇಬೇಕು.

ಮಕ್ಕಳಾಗಲಿಲ್ಲ ಅಂತ ಮೊದಲ ಸಲ ಇಬ್ಬರೂ ಡಾಕ್ಟರ ಹತ್ತಿರ ಹೋದದ್ದು ನೆನಪಿದೆಯಾ? ನೀನು ಆ ನೀಲಿ ಫೈಲನ್ನು ಎದೆಗವಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಅವರು ನನ್ನ ಕಡೆ ತಿರುಗಿ, "ಸಿಗರೇಟು, ಕುಡಿತ, ಸೊಪ್ಪು ಗಿಪ್ಪು ಏನಾದ್ರೂ ಅಭ್ಯಾಸ ಇದೆಯಾ?" ಎಂದರು. ನಾನು ಬಾಯಿ ತೆರೆಯುವುದರೊಳಗೆ ನೀನು, "ಅಯ್ಯೋ, ಸಿಗರೇಟು ಕುಡಿತ ಎಲ್ಲ ಇಲ್ಲ ಡಾಕ್ಟ್ರೇ. ಸೊಪ್ಪು ಮಾತ್ರ ವಾರಕ್ಕೆ ನಾಲ್ಕು ದಿನ ಆದ್ರೂ ಬೇಕೇ ಬೇಕು, ಇಲ್ದಿದ್ರೆ ಇವರಿಗೆ ಊಟಾನೇ ಸೇರಲ್ಲ" ಎಂದೆ. ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರಿಗೂ ನಗು ಬಂತು. ಇಂಥವಳ ಗಂಡ ಅಂಥವನಿರಲಾರ ಅಂದುಕೊಂಡರೋ ಏನೋ, "ತಿನ್ಲಿ ಬಿಡಮ್ಮ, ಸೊಪ್ಪು ಒಳ್ಳೇದು" ಎಂದು ಕಾಗದದ ಮೇಲೆ ಒಂದು ಗೀಟು ಎಳೆದು ಮುಂದಿನ ಪ್ರಶ್ನೆಗೆ ಹೋದರು. ನಾನೂ ನಕ್ಕೆ. ಅವತ್ತಿನಿಂದ ನೀನು ದಿನಾ ಸೊಪ್ಪಿನ ಅಡುಗೆ ಮಾಡಿದೆ, ಡಾಕ್ಟರೇ ಹೇಳಿದ್ದಾರೆ ಅಂತ ಒಂದು ಸೌಟು ಹೆಚ್ಚಿಗೇ ಬಡಿಸಿದೆ. ನಾನು ತಲೆ ತಗ್ಗಿಸಿ ಉಂಡೆ.

ಅವರು ಕೇಳಿದ್ದು ಆ ಸೊಪ್ಪಲ್ಲ ಕಣೇ. ಅವರು ಕೇಳಿದ್ದು ಗಾಂಜಾ. ನಾನು ಅದನ್ನು ಹನ್ನೊಂದು ವರ್ಷದಿಂದ ಸೇದುತ್ತಿದ್ದೇನೆ. ನಮ್ಮ ವರ್ಕ್‌ಶಾಪಿನ ಹಿಂದೆ, ಹಳೇ ಸ್ಪಂಜಿನ ರಾಶಿ ಇದೆಯಲ್ಲ, ಅಲ್ಲಿ ದಿನಾ ನಾಲ್ಕು ಗಂಟೆಗೆ. ಹಳೇ ಸೋಫಾ ಬಗ್ಗಿ ಬಗ್ಗಿ ಬಿಚ್ಚಿ ಬೆನ್ನು ಹಿಡಿದುಕೊಂಡಾಗ, ನನ್ನ ಜೊತೆ ಕೆಲಸ ಮಾಡುವವನನ್ನು ನಾವೆಲ್ಲ ಸ್ಪ್ರಿಂಗ್ ಅಂತ ಕರೆಯುತ್ತೇವಲ್ಲ, ಅವನು ಕೊಟ್ಟದ್ದು. ಬೆನ್ನು ಒಂದು ತಿಂಗಳಲ್ಲಿ ಸರಿಹೋಯಿತು, ಅಭ್ಯಾಸ ಮಾತ್ರ ಗಟ್ಟಿಯಾಗಿ ಕೂತಿತು. ಬಟ್ಟೆಯಲ್ಲಿ ಏನೋ ಘಾಟು ಅಂತ ನೀನು ಮೂಗು ಮುರಿದಾಗಲೆಲ್ಲ ಅಂಟಿನ ವಾಸನೆ ಅಂತ ಹೇಳಿದ್ದೇನೆ. ಎಷ್ಟು ಸಲ ಹೇಳಿದ್ದೇನೆ ಅಂತ ಲೆಕ್ಕವೇ ಇಲ್ಲ.

ಇನ್ನೊಂದು ಹೇಳಬೇಕು. ನನ್ನ ಪರೀಕ್ಷೆ ಬೇರೆ ಲ್ಯಾಬಿನಲ್ಲಿ ಆಯಿತು, ಎಲ್ಲ ಸರಿಯಿದೆ ಅಂತ ನಿನಗೆ ಹೇಳಿದ್ದೆನಲ್ಲ, ನೀನು ಅದನ್ನೇ ಡಾಕ್ಟರಿಗೆ ಹೇಳಿದ್ದೆಯಲ್ಲ, ಅದು ಸುಳ್ಳು. ಪರೀಕ್ಷೆ ಮಾಡಿಸಿದ್ದು ಮೊನ್ನೆ. ವೀರ್ಯಾಣು ಇರಬೇಕಾದ ಎಣಿಕೆಯಲ್ಲಿ ಕಾಲು ಭಾಗವೂ ಇಲ್ಲ, ಇರುವುದರಲ್ಲಿ ಹೆಚ್ಚಿನವಕ್ಕೆ ಚಲನೆ ಇಲ್ಲ. ನಿನ್ನೆ ನಮ್ಮ ಡಾಕ್ಟರ ಹತ್ತಿರ ಒಬ್ಬನೇ ಹೋಗಿ ಸೊಪ್ಪಿನ ವಿಷಯ ಬಾಯಿಬಿಟ್ಟೆ. ದಿನಾ ಸೇದುವವರಲ್ಲಿ ಹೀಗಾಗುವುದುಂಟಂತೆ. ಇದೊಂದೇ ಕಾರಣ ಅಂತ ಅವರು ಆಣೆ ಮಾಡಿ ಹೇಳಲಾರರಂತೆ. ಪೂರ್ತಿ ಬಿಟ್ಟು ಮೂರು ತಿಂಗಳಾದ ಮೇಲೆ ಮತ್ತೆ ನೋಡೋಣ, ಸುಧಾರಿಸಿದರೂ ಸುಧಾರಿಸಬಹುದು ಎಂದರು. ಅಲ್ಲಿಯವರೆಗೆ ನಿನ್ನ ಹೊಟ್ಟೆಗೆ ಕತ್ತರಿ ಹಾಕುವ ಅವಸರ ಬೇಡ ಎಂದು ಆಸ್ಪತ್ರೆಗೆ ಚೀಟಿ ಕೊಟ್ಟಿದ್ದಾರೆ. ಅದನ್ನೂ ನನ್ನ ರಿಪೋರ್ಟನ್ನೂ ಇದರ ಜೊತೆ ಮಡಚಿ ಇಟ್ಟಿದ್ದೇನೆ.

ಬೆಳಿಗ್ಗೆ ಅಮ್ಮನಿಗೂ ಹೇಳಿದೆ. "ನಮ್ಮ ಕಡೆ ಯಾರಿಗೂ ಹೀಗಿಲ್ಲಪ್ಪಾ" ಎಂದು ನಿನ್ನೆದುರಿಗೆ ಎಷ್ಟು ಸಲ ಅಂದಿದ್ದಾಳೆ, ನಾನು ಎಷ್ಟು ಸಲ ಪೇಪರು ಓದುವವನ ಹಾಗೆ ಕೂತಿದ್ದೇನೆ! ಅವಳು ಎಲ್ಲ ಕೇಳಿ, ಮಡಚಿಟ್ಟ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚುತ್ತಾ ಕೂತಳು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಆರು ದಿನದಿಂದ ಮುಟ್ಟಿಲ್ಲ. ಸ್ಪ್ರಿಂಗ್ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಬಿಡುತ್ತೇನೆ. ನೀನು ಬಂದರೂ ಬಿಡುತ್ತೇನೆ, ಬಾರದಿದ್ದರೂ ಬಿಡುತ್ತೇನೆ. ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಈ ಕಾಗದ ಓದಿದ ಮೇಲೆ ಹೇಳುವ ಮನಸ್ಸಿದ್ದರೆ. ಮೈ ಕಡೆ ನಿಗಾ ಇರಲಿ.

ಇಂತು ನಿನ್ನವನು
(ಹಾಗೆ ಬರೆಯುವ ಹಕ್ಕು ಇನ್ನೂ ಉಳಿದಿದ್ದರೆ)

ತಾ.ಕ.: ಭಾವ ಹಾರ್ನ್ ಹೊಡೆಯುತ್ತಿದ್ದಾರೆ. ಮೇಲೆ ಮೊನ್ನೆ ಅಂತ ಬರೆದಿದ್ದೇನೆ, ಮೊನ್ನೆ ಅಲ್ಲ. ರಿಪೋರ್ಟಿನ ಮೂಲೆಯಲ್ಲಿ ತಾರೀಖಿದೆ, ಅಷ್ಟನ್ನು ಕತ್ತರಿಸಿಬಿಡೋಣ ಅಂತ ಕತ್ತರಿ ಎತ್ತಿಕೊಂಡಿದ್ದೆ, ಆಗಲಿಲ್ಲ. ಹದಿನಾಲ್ಕು ತಿಂಗಳಾಯಿತು. ನಿನ್ನೆ ಡಾಕ್ಟರೂ ಅದನ್ನು ನೋಡಿ, ಕನ್ನಡಕ ತೆಗೆದು, ನನ್ನ ಮುಖವನ್ನೇ ನೋಡಿದರು. ನಿನಗೆ ಬಣ್ಣದ ನೀರು ಹಾಕಿ ಎಕ್ಸ್‌ರೇ ತೆಗೆದ ದಿನ ನೋವಿನಲ್ಲಿ ನನ್ನ ಕೈ ಹಿಡಿದುಕೊಂಡು, "ಇನ್ನೊಂದು ಮದುವೆ ಮಾಡ್ಕೊಳ್ಳಿ ಅನ್ನೋಷ್ಟು ದೊಡ್ಡ ಮನಸ್ಸು ನನಗಿಲ್ಲ ರೀ, ಕ್ಷಮಿಸಿಬಿಡಿ" ಅಂದೆಯಲ್ಲ, ಆಗ ಈ ರಿಪೋರ್ಟು ನನ್ನ ಅಂಗಿಯ ಜೇಬಿನಲ್ಲೇ ಇತ್ತು.