ನಡೆಯದ ರೇಸಿಗೆ ಜಗಳ

ಸೋಮವಾರ, ರಾತ್ರಿ. ಸಿಟ್ಟು ಇನ್ನೂ ಇಳಿದಿಲ್ಲ.

ಅಮೆರಿಕದ ಸ್ಟಾಕ್ ಕಾರ್ ರೇಸ್, ಅಂದರೆ ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗುತ್ತ ಸುತ್ತು ಹೊಡೆಯುವ ಕಾರುಗಳ ಓಟ, ನಡೆಯುವುದು ನಮಗೆ ನಡುರಾತ್ರಿ. ಹಾಸ್ಟೆಲಿನ ವೈಫೈ ಅಷ್ಟರಲ್ಲಿ ಬಂದ್. ಅದಕ್ಕೇ ನನ್ನ ಮೆಚ್ಚಿನ ಹಳದಿ ಕಾರಿನವನ ರಿಸಲ್ಟ್ ಕಣ್ಣಿಗೆ ಬೀಳಬಾರದೆಂದು ಮರುದಿನವೆಲ್ಲ ಫೋನ್ ಆಫ್ ಮಾಡಿ, ಸಂಜೆ ರೆಕಾರ್ಡಿಂಗ್ ನೋಡುತ್ತೇನೆ. ಫೋನಿಗೆ ಸಿಗುವುದಿಲ್ಲವೆಂದು ಅಮ್ಮನ ಹತ್ತಿರ ಬೈಸಿಕೊಂಡರೂ ಬಿಟ್ಟಿಲ್ಲ.

ಇವತ್ತು ಮೆಸ್ಸಿನಲ್ಲಿ ರೂಮ್‌ಮೇಟ್ ಗೂಬೆ ಎಲ್ಲರೆದುರು, "ಏನೇ, ನಿನ್ನ ಹಳದಿ ಕಾರು ಕೊನೇ ಸುತ್ತಲ್ಲಿ ಗೋಡೆಗೆ ಗುದ್ತಂತೆ! ಬರೀ ಎಡಕ್ಕೆ ತಿರುಗ್ಸೋಕೂ ಬರಲ್ವಾ ಅವನಿಗೆ?" ಅಂದಳು. ಟೇಬಲ್ ಪೂರ್ತಿ ನಗು. ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಜೊತೆ ಇರೋಕೆ ಯಾರೂ ಒಪ್ಪದೆ ವಾರ್ಡನ್ ನಿನ್ನನ್ನ ನನ್ನ ತಲೆಗೆ ಕಟ್ಟಿದ್ದು, ಗೊತ್ತಾ?" ಅಂದುಬಿಟ್ಟೆ. ನಗು ನಿಂತಿತು. ಅವಳು ತಟ್ಟೆ ಬಿಟ್ಟು ಎದ್ದು ಹೋದಳು.

ಸಂಜೆ ಫೋನ್ ಆನ್ ಮಾಡಿದರೆ, ರೇಸೇ ನಡೆದಿಲ್ಲ! ಅಲ್ಲಿ ಮಳೆಯಂತೆ. ಒದ್ದೆ ಟ್ರ್ಯಾಕಿನಲ್ಲಿ ಓಡಿಸಲಾಗದೆ ಇವತ್ತಿಗೆ ಮುಂದೂಡಿದ್ದಾರೆ. ಗೂಬೆ ಬಿಟ್ಟದ್ದು ಬುರುಡೆ. ನಾನು ಆಡಿದ್ದು ಮಾತ್ರ ನಿಜ. ಅದಕ್ಕೇ ಇಷ್ಟು ಸಿಟ್ಟು, ಅವಳ ಮೇಲೆ, ಆ ಮಳೆಯ ಮೇಲೆ, ನನ್ನ ಹಾಳು ನಾಲಿಗೆಯ ಮೇಲೆ.

ಇನ್ನೇನು ರೇಸ್ ಶುರು. ನನ್ನ ಫೋನಿನಲ್ಲಿ ಡೇಟಾ ಖಾಲಿ. ಗೂಬೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಈಗಷ್ಟೇ ನನ್ನ ಫೋನಿನ ವೈಫೈ ಪಟ್ಟಿಯಲ್ಲಿ ಅವಳ ಹಾಟ್‌ಸ್ಪಾಟ್ ಕಾಣಿಸಿತು. ಹೊಸ ಹೆಸರು ಇಟ್ಟಿದ್ದಾಳೆ: "ಮೊದಲು ಸಾರಿ ಹೇಳು". ಪಾಸ್‌ವರ್ಡ್ ನನಗೆ ಗೊತ್ತಿಲ್ಲ.

ನಾನ್ಯಾಕೆ ಹೇಳಲಿ? ಶುರು ಮಾಡಿದ್ದು ಅವಳು. ನಿದ್ದೆ ಬಂದವಳ ಥರ ಉಸಿರಾಡುತ್ತಿದ್ದಾಳೆ ಹಾಳಾದವಳು. ಗೋಡೆಯ ಮೇಲೆ ಅವಳ ಫೋನಿನ ಬೆಳಕು ಮಾತ್ರ ಇನ್ನೂ ಆರಿಲ್ಲ...